ಹಳೆಯ ಸ್ಪೋರ್ಟ್ಸ್ ಕಾರಿಗೆ ಎಂಜಿನ್ ಆಯಿಲ್: ಹೊಸ ದರ್ಜೆಯೇ ಉತ್ತಮವೇ?

ಎಂಜಿನ್ ಆಯಿಲ್ ವ್ಯಾಪಾರದಲ್ಲಿ ಒಂದು ಸಾಮಾನ್ಯ ನಂಬಿಕೆಯಿದೆ. ಡಬ್ಬದ ಮೇಲೆ ನಮೂದಾದ ದರ್ಜೆ ಎಷ್ಟು ಹೊಸದೋ ಎಣ್ಣೆಯೂ ಅಷ್ಟೇ ಉತ್ತಮ ಎಂಬುದೇ ಆ ನಂಬಿಕೆ. ಇಂದಿನ ಕಾರುಗಳ ಮಟ್ಟಿಗೆ ಇದು ಬಹುತೇಕ ಸರಿ. ಆದರೆ ಮೂವತ್ತು, ನಲವತ್ತು ವರ್ಷ ಹಳೆಯದಾದ ಸ್ಪೋರ್ಟ್ಸ್ ಕಾರೊಂದು ಗ್ಯಾರೇಜಿಗೆ ಬಂದಾಗ, ಸದುದ್ದೇಶದಿಂದ ಸುರಿದ ಹೊಚ್ಚಹೊಸ ದರ್ಜೆಯ ಎಣ್ಣೆಯೇ ಎಂಜಿನ್ನಿನ ಸವೆತಕ್ಕೆ ಕಾರಣವಾಗಬಹುದು. ಅಂತಹ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವ ವೆಚ್ಚ ಲಕ್ಷಗಳಲ್ಲಿರುತ್ತದೆ. ಆದುದರಿಂದ ಎಣ್ಣೆ ಮಾರುವವರೂ ಗ್ಯಾರೇಜು ನಡೆಸುವವರೂ ಈ ವಿಷಯವನ್ನು ಅರಿತಿರುವುದು ಅಗತ್ಯ.

ಪೋರ್ಷೆ 911ರ ಉದಾಹರಣೆ

ಜರ್ಮನಿಯ ಪೋರ್ಷೆ ಸಂಸ್ಥೆಯ 911 ಕಾರನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 1998ರವರೆಗೂ ಗಾಳಿಯಿಂದ ತಂಪಾಗುವ ಆರು ಸಿಲಿಂಡರುಗಳ ಎಂಜಿನ್ನಿನೊಂದಿಗೆ ತಯಾರಾಯಿತು. ಇದರಲ್ಲಿ ನೀರಿನ ರೇಡಿಯೇಟರ್ ಇಲ್ಲ. ಎಂಜಿನ್ನಿನ ಶಾಖವನ್ನು ಹೊರಸಾಗಿಸುವ ಹೊಣೆ ಫ್ಯಾನಿನ ಗಾಳಿ ಮತ್ತು ಎಣ್ಣೆ ಎರಡರದ್ದೂ ಆಗಿದೆ. ಎಣ್ಣೆಯನ್ನು ಎಂಜಿನ್ನಿನ ತಳದಲ್ಲಿ ಇರಿಸದೆ ಪ್ರತ್ಯೇಕ ಟ್ಯಾಂಕಿನಲ್ಲಿ ಶೇಖರಿಸಲಾಗುತ್ತದೆ. ಸಾಧಾರಣ ಕಾರಿಗೆ ನಾಲ್ಕು ಲೀಟರ್ ಸಾಕಾದರೆ, ಇದಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಎಣ್ಣೆ ಬೇಕು. ಇಲ್ಲಿ ಎಣ್ಣೆಯು ಜಾರಿಕೆಯನ್ನು ಒದಗಿಸುವುದರೊಂದಿಗೆ ತಂಪುಕಾರಕವಾಗಿಯೂ ಕೆಲಸ ಮಾಡುತ್ತದೆ.

ಸ್ನಿಗ್ಧತೆಯ ಅಂಕಿಗಳು

20ಡಬ್ಲ್ಯು-50 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆಯ ವರ್ತನೆಯನ್ನೂ, ಎರಡನೆಯದು ಬಿಸಿಯಾದಾಗಿನ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ ಇದ್ದರೆ, 50ರ ಎಣ್ಣೆಯದು 16.3ರಿಂದ 21.9 ಸೆಂಟಿಸ್ಟೋಕ್ ಇರುತ್ತದೆ. ಹಳೆಯ ಎಂಜಿನ್ನುಗಳ ಬೇರಿಂಗ್ ಅಂತರಗಳು ದಪ್ಪ ಎಣ್ಣೆಯ ಪದರಕ್ಕೆ ಹೊಂದುವಂತೆ ರೂಪುಗೊಂಡಿವೆ. ಇಂಧನ ಉಳಿತಾಯಕ್ಕೆಂದು ಬಂದ ತೆಳು ಎಣ್ಣೆಯನ್ನು ಇವುಗಳಿಗೆ ಬಳಸಿದಲ್ಲಿ, ಎಂಜಿನ್ ಕಾದಾಗ ಎಣ್ಣೆಯ ಒತ್ತಡ ಕುಸಿಯುತ್ತದೆ.

20ಡಬ್ಲ್ಯು ಎಣ್ಣೆಯ ಶೀತ ಆರಂಭದ ಪರೀಕ್ಷೆ ನಡೆಯುವುದು ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. 5ಡಬ್ಲ್ಯು ಎಣ್ಣೆಯದು 30 ಡಿಗ್ರಿ ಕೆಳಗೆ. ಕರ್ನಾಟಕದಲ್ಲಿ ಅಂತಹ ಚಳಿಯೇ ಇಲ್ಲ. ಆದುದರಿಂದ ಇಲ್ಲಿನ ಗ್ರಾಹಕನು ಎರಡನೆಯ ಅಂಕಿಗೆ ಹೆಚ್ಚು ಗಮನ ಕೊಡುವುದು ಸೂಕ್ತ.

ರಂಜಕದ ಪ್ರಶ್ನೆ

ಅಂಕಿಗಳು ಹೊಂದಿದ ಮಾತ್ರಕ್ಕೆ ಆಯ್ಕೆ ಮುಗಿಯುವುದಿಲ್ಲ. ಸತು ಮತ್ತು ರಂಜಕವನ್ನೊಳಗೊಂಡ ಜಡ್‌ಡಿಡಿಪಿ ಎಂಬ ಸಂಯುಕ್ತವನ್ನು ದಶಕಗಳಿಂದ ಎಂಜಿನ್ ಆಯಿಲ್‌ಗೆ ಬೆರೆಸಲಾಗುತ್ತಿದೆ. ಲೋಹದ ಮೇಲೆ ಲೋಹ ಜಾರುವೆಡೆಯಲ್ಲಿ ಇದು ರಕ್ಷಣಾ ಪದರವೊಂದನ್ನು ನಿರ್ಮಿಸಿ ಸವೆತವನ್ನು ತಡೆಯುತ್ತದೆ. 911ರಲ್ಲಿ ಕ್ಯಾಮ್‌ಶಾಫ್ಟಿನ ಉಬ್ಬುಗಳ ಮೇಲೆ ರಾಕರ್ ತೋಳುಗಳು ನೇರವಾಗಿ ಉಜ್ಜುತ್ತವೆ. ಹಳೆಯ ಅಂಬಾಸಡರ್ ಕಾರಿನ ಪೆಟ್ರೋಲ್ ಎಂಜಿನ್ನಿನಲ್ಲಿಯೂ ಟ್ಯಾಪೆಟ್ಟುಗಳು ಇದೇ ರೀತಿ ಉಜ್ಜುತ್ತಿದ್ದವು. ಇಂತಹ ಎಂಜಿನ್ನುಗಳಿಗೆ ಜಡ್‌ಡಿಡಿಪಿ ಬಹುಮುಖ್ಯ. ಈಚಿನ ಅನೇಕ ಎಂಜಿನ್ನುಗಳಲ್ಲಿ ರೋಲರುಗಳಿರುವುದರಿಂದ ಅದರ ಅಗತ್ಯ ಕಡಿಮೆ.

ಆದರೆ ಎಣ್ಣೆಯೊಂದಿಗೆ ಸ್ವಲ್ಪಸ್ವಲ್ಪವಾಗಿ ಉರಿದುಹೋಗುವ ರಂಜಕವು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಕಾರಣದಿಂದ 5ಡಬ್ಲ್ಯು-30ರಂತಹ ತೆಳು ಎಣ್ಣೆಗಳಲ್ಲಿ ರಂಜಕದ ಗರಿಷ್ಠ ಮಿತಿಯನ್ನು ಇಳಿಸಲಾಯಿತು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಎಸ್‌ಎಲ್ ದರ್ಜೆ ಬಂದ 2001ರಲ್ಲಿ ಶೇಕಡಾ 0.10 ಇದ್ದ ಮಿತಿ, 2004ರ ಎಸ್‌ಎಂ ದರ್ಜೆಯೊಂದಿಗೆ ಶೇಕಡಾ 0.08ಕ್ಕೆ ಇಳಿಯಿತು. 20ಡಬ್ಲ್ಯು-50ರಂತಹ ದಪ್ಪ ಎಣ್ಣೆಗಳಿಗೆ ಈ ಮಿತಿ ಕಡ್ಡಾಯವಲ್ಲ. ಆದರೂ ಯಾವ ಎಣ್ಣೆಯಲ್ಲಿ ರಂಜಕವೆಷ್ಟಿದೆ ಎಂಬುದನ್ನು ತಯಾರಕರ ತಾಂತ್ರಿಕ ಮಾಹಿತಿ ಪತ್ರದಲ್ಲಿ ನೋಡಿಯೇ ತಿಳಿಯಬೇಕು.

ತಯಾರಕರ ಸಲಹೆ

ಪೋರ್ಷೆ ಸಂಸ್ಥೆಯೇ 2015ರಲ್ಲಿ ತನ್ನ ಹಳೆಯ ಕಾರುಗಳಿಗಾಗಿ ಎರಡು ವಿಶೇಷ ಎಣ್ಣೆಗಳನ್ನು ಹೊರತಂದಿತು. 2.7 ಲೀಟರ್ ಸಾಮರ್ಥ್ಯದವರೆಗಿನ 911ಗಳಿಗೆ 20ಡಬ್ಲ್ಯು-50, 3.0 ಲೀಟರ್ ಹಾಗೂ ಅದಕ್ಕಿಂತ ದೊಡ್ಡ, ಗಾಳಿಯಿಂದ ತಂಪಾಗುವ ಎಂಜಿನ್ನುಗಳಿಗೆ 10ಡಬ್ಲ್ಯು-60. ನೀರಿನಿಂದ ತಂಪಾಗುವ ನಂತರದ 911ಗಳಿಗೆ ಈ ಸಲಹೆ ಅನ್ವಯಿಸದು. ಒಂದೇ ಹೆಸರಿನ ಕಾರಿಗೂ ತಯಾರಾದ ವರ್ಷ ಮತ್ತು ಎಂಜಿನ್ನಿಗನುಗುಣವಾಗಿ ಎಣ್ಣೆ ಬದಲಾಗುವುದೆಂಬುದನ್ನು ಇದರಿಂದ ತಿಳಿಯಬಹುದು.

ಗಮನಿಸಬೇಕಾದ ಇತರ ಅಂಶಗಳು

ಸಿಂಥೆಟಿಕ್ ಎಣ್ಣೆ ಹಳೆಯ ಕಾರಿಗೆ ವರ್ಜ್ಯವೇನಲ್ಲ. ಆದರೆ ಒಣಗಿ ಬಿರುಸಾದ ಸೀಲುಗಳಿರುವ ಎಂಜಿನ್ನಿನಲ್ಲಿ, ಅದುವರೆಗೆ ಕಾಣದಿದ್ದ ಸೋರಿಕೆ ಎಣ್ಣೆ ಬದಲಿಸಿದ ಮೇಲೆ ಕಾಣಿಸಿಕೊಳ್ಳಬಹುದು. ಅಲ್ಲಿ ಸೀಲುಗಳನ್ನು ಬದಲಿಸುವುದೇ ಪರಿಹಾರ. ಸತುವಿನ ಸೇರ್ಪಡೆ ದ್ರಾವಣವನ್ನು ಪ್ರತ್ಯೇಕವಾಗಿ ಸುರಿಯುವುದಕ್ಕಿಂತ, ಸರಿಯಾದ ಪ್ರಮಾಣದಲ್ಲಿ ಬೆರೆಸಿ ತಯಾರಿಸಿದ ಎಣ್ಣೆಯನ್ನೇ ಕೊಳ್ಳುವುದು ಕ್ಷೇಮ. ಅಳತೆ ಮೀರಿದ ಸೇರ್ಪಡೆಯಿಂದ ಎಣ್ಣೆಯ ಸಮತೋಲನ ಕೆಡುತ್ತದೆ.

ವರ್ಷದಲ್ಲಿ ಕೆಲವೇ ನೂರು ಕಿಲೋಮೀಟರ್ ಓಡುವ ಕಾರಿನ ಎಣ್ಣೆಯಲ್ಲಿ ತೇವಾಂಶ ಮತ್ತು ಆಮ್ಲಗಳು ಸಂಗ್ರಹವಾಗುತ್ತವೆ. ಆದುದರಿಂದ ದೂರವನ್ನು ಲೆಕ್ಕಿಸದೆ ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು ಲೇಸು. ಗಾಳಿಯಿಂದ ತಂಪಾಗುವ 911ರ ಎಣ್ಣೆಯ ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡಲಿಂಗ್‌ನಲ್ಲಿರುವಾಗಲೇ ನೋಡಬೇಕು. ಇತರ ಕಾರುಗಳಂತೆ ಎಂಜಿನ್ ನಿಲ್ಲಿಸಿ ಅಳೆದರೆ ಎಣ್ಣೆ ಕಡಿಮೆಯಿರುವಂತೆ ತೋರುತ್ತದೆ. ಅದನ್ನು ನಂಬಿ ಮತ್ತೆ ಸುರಿದಲ್ಲಿ ಹೆಚ್ಚಾದ ಎಣ್ಣೆ ಗಾಳಿಯ ಮಾರ್ಗಕ್ಕೆ ಸೇರಿ ಹೊಗೆಯಾಗುತ್ತದೆ.

ವರ್ತಕರು ಡಬ್ಬವನ್ನು ಗ್ರಾಹಕನ ಕೈಗಿಡುವ ಮುನ್ನ ಮೂರು ವಿಷಯಗಳನ್ನು ವಿಚಾರಿಸಬೇಕು: ಕಾರು ತಯಾರಾದ ವರ್ಷ ಯಾವುದು, ಎಂಜಿನ್ ಯಾವುದು, ತಯಾರಕರ ಕೈಪಿಡಿಯಲ್ಲಿ ಹೇಳಿರುವುದೇನು? ಈ ಉತ್ತರಗಳು ದೊರೆತ ಮೇಲೆಯೇ ಎಣ್ಣೆಯ ದರ್ಜೆ ಮತ್ತು ಬೆಲೆಯ ಮಾತು. ಹೆಚ್ಚು ಬೆಲೆಯ ಡಬ್ಬವನ್ನು ಮಾರುವುದು ಒಂದು ದಿನದ ಲಾಭ. ಸರಿಯಾದ ಡಬ್ಬವನ್ನು ಮಾರಿದಲ್ಲಿ ಗ್ರಾಹಕನು ಪ್ರತಿ ವರ್ಷವೂ ಅದೇ ಅಂಗಡಿಗೆ ಬರುತ್ತಾನೆ.