ಮುಸುಕಿನ ಜೋಳ, ಪೆಪ್ಪರಮೆಂಟಿನ ಡಬ್ಬಿ

1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟಿಗೆ ಎರಡು ಅನಿಮೆ ಚಿತ್ರ ತೋರಿಸಿದರು. ಒಂದು ಹಯಾವೊ ಮಿಯಾಝಾಕಿ ಅವರ ‘ಮೈ ನೇಬರ್ ತೊತೊರೊ’. ಅದರಲ್ಲಿ ಕಾಡಿನೊಳಗೆ ಗೊರಕೆ ಹೊಡೆಯುವ ದಢೂತಿ ಪ್ರಾಣಿ ಇದೆ, ಹನ್ನೆರಡು ಕಾಲಿನ ಬೆಕ್ಕಿನ ಬಸ್ಸು ಇದೆ. ಇನ್ನೊಂದು ಇಸಾವೊ ತಕಹಾತ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಅದರಲ್ಲಿ ಅಣ್ಣ ತಂಗಿ ಹಸಿವಿನಿಂದ ಸಾಯುತ್ತಾರೆ. ಮಕ್ಕಳ ಕೈ ಹಿಡಿದು ಹೋದ ಅಪ್ಪ ಅಮ್ಮಂದಿರ ಪಾಡು ಏನಾಗಿರಬೇಡ!

ಈ ಜೋಡಿಯ ಹಿಂದೆ ಇದ್ದದ್ದು ದುಡ್ಡಿನ ಲೆಕ್ಕ. ತೊತೊರೊ ಓಡುತ್ತದೆಂಬ ಧೈರ್ಯ ಹಣ ಹಾಕುವವರಿಗೆ ಇರಲಿಲ್ಲ. ಮಿಂಚುಹುಳದ ಕಥೆಯೋ, ಅಕಿಯುಕಿ ನೊಸಾಕ 1967ರಲ್ಲಿ ಬರೆದದ್ದು. ಯುದ್ಧಕಾಲದಲ್ಲಿ ಹಸಿವಿಗೆ ತುತ್ತಾದ ತನ್ನ ಪುಟ್ಟ ತಂಗಿಯ ನೆನಪು ಅದರಲ್ಲಿದೆ. ಆ ಪುಸ್ತಕದ ಪ್ರಕಾಶಕರಾದ ಶಿಂಚೋಶ ಒಂದು ಚಿತ್ರಕ್ಕೆ ಹಣ ಹಾಕಿದರೆ, ಇನ್ನೊಂದಕ್ಕೆ ತೊಕುಮ ಶೋತೆನ್ ಹಾಕಿತು. ಘಿಬ್ಲಿ ಸ್ಟುಡಿಯೊದಲ್ಲಿ ಎರಡರ ಕೆಲಸವೂ ಒಟ್ಟಿಗೇ ಶುರು. ಯೊಶಿಫುಮಿ ಕೊಂದೊ ಎಂಬ ಚಿತ್ರಕಾರ ತಮಗೇ ಬೇಕೆಂದು ಇಬ್ಬರು ನಿರ್ದೇಶಕರೂ ಹಟ ಹಿಡಿದರು. ಗೆದ್ದವರು ತಕಹಾತ. ಆದರೂ ಅವರ ಕೆಲಸ ಗಡುವಿನೊಳಗೆ ಮುಗಿಯಲಿಲ್ಲ. ಬಿಡುಗಡೆಯ ದಿನ ಕೆಲವು ತುಣುಕುಗಳಿಗೆ ಬಣ್ಣವೇ ತುಂಬಿರಲಿಲ್ಲ.

ಮಳೆಗಾಲದ ಒಂದು ಭಾನುವಾರ ನಾನು ಎರಡನ್ನೂ ಬೆನ್ನುಬೆನ್ನಿಗೆ ನೋಡಿದೆ, ಮಿಂಚುಹುಳ ಮೊದಲು. ಮನಸ್ಸಿನಲ್ಲಿ ಉಳಿದದ್ದು ಬಾಂಬುಗಳಲ್ಲ, ಸಕುಮ ಪೆಪ್ಪರಮೆಂಟಿನ ಕೆಂಪು ತಗಡಿನ ಡಬ್ಬಿ. ಮೊದಲು ಅದರಲ್ಲಿ ಬಣ್ಣಬಣ್ಣದ ಸಿಹಿ. ಅದು ಖಾಲಿಯಾದ ಮೇಲೆ ಅಣ್ಣ ಸೇಯ್ತ ನೀರು ಹುಯ್ದು ಕುಲುಕಿ, ತಳಕ್ಕೆ ಅಂಟಿದ ರುಚಿಯನ್ನು ತಂಗಿ ಸೆತ್ಸುಕೊಗೆ ಕುಡಿಸುತ್ತಾನೆ. ಕೊನೆಗೆ ಅದೇ ಡಬ್ಬಿಯೊಳಗೆ ಅವಳ ಅಸ್ಥಿ.

ಇದನ್ನು ಯುದ್ಧವಿರೋಧಿ ಚಿತ್ರವೆಂದು ಕರೆದಾಗಲೆಲ್ಲ ತಕಹಾತ ಒಪ್ಪುತ್ತಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಒಕಾಯಾಮದ ಬಾಂಬ್ ದಾಳಿಯಿಂದ ಬದುಕಿ ಬಂದವರು ಅವರು. ಅವರ ಮಾತು ಮೊದಲು ನನಗೆ ವಿಚಿತ್ರವೆನಿಸಿತ್ತು. ಮತ್ತೆ ನೋಡಿದಾಗ ಅರ್ಥವಾಯಿತು. ಆ ಮಕ್ಕಳ ಅಮ್ಮ ಬ್ಯಾಂಕಿನಲ್ಲಿ ಏಳು ಸಾವಿರ ಯೆನ್ ಇಟ್ಟಿದ್ದಳು. ಸಂಬಂಧಿಕ ಹೆಂಗಸಿನ ಚುಚ್ಚುಮಾತು ತಾಳಲಾರದೆ ಸೇಯ್ತ ತಂಗಿಯನ್ನು ಕರೆದುಕೊಂಡು ಮನೆ ಬಿಡುತ್ತಾನೆ. ಹೋಗಿ ತಪ್ಪಾಯಿತು ಅನ್ನು, ಅಲ್ಲೇ ಇರು ಎಂದು ಒಬ್ಬ ರೈತ ಬುದ್ಧಿ ಹೇಳಿದರೂ ಕೇಳುವುದಿಲ್ಲ. ಹದಿನಾಲ್ಕರ ಹುಡುಗನ ಸ್ವಾಭಿಮಾನ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಬೈಯದೆ ಇರಲೂ ಆಗಲಿಲ್ಲ.

ಆಮೇಲೆ ತೊತೊರೊ. ಇದನ್ನು ನಗುನಗುತ್ತಾ ನೋಡಬಹುದೆಂದು ಕೂತವನಿಗೆ ಇಲ್ಲೂ ಅದೇ ಕಂಡಿತು: ಇಬ್ಬರು ಮಕ್ಕಳು, ಪಕ್ಕದಲ್ಲಿ ಅಮ್ಮ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಮಿಯಾಝಾಕಿ ಅವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದವರು. ಪುಟ್ಟ ಮೇಯಿ ಕಾಣೆಯಾದಾಗ ಕೆರೆಯಲ್ಲಿ ಒಂದು ಚಪ್ಪಲಿ ತೇಲುತ್ತದೆ. ನೆರೆಯ ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನಡುಗುತ್ತಾಳೆ. ಊರ ಗಂಡಸರು ಕೋಲು ಹಿಡಿದು ನೀರು ಕೆದಕುತ್ತಾರೆ. ಅದು ಮೇಯಿಯದಲ್ಲ ಎಂದು ಅಕ್ಕ ಸತ್ಸುಕಿ ಹೇಳುವವರೆಗೆ, ಕೆಲವೇ ಕ್ಷಣ, ಇದೂ ತಕಹಾತರ ಚಿತ್ರವೇ.

1988ರಲ್ಲಿ ಈ ಜೋಡಿ ಚಿತ್ರ ನೋಡಿದವರು ಎಂಟು ಲಕ್ಷದಷ್ಟೇ. ಸ್ಟುಡಿಯೊದ ಕೈ ಹಿಡಿದದ್ದು ಆಮೇಲೆ ಮಾರಾಟವಾದ ತೊತೊರೊ ಗೊಂಬೆಗಳು. ಅದರ ಮುಖವೇ ಘಿಬ್ಲಿಯ ಲಾಂಛನವಾಯಿತು. ಪೆಪ್ಪರಮೆಂಟಿನ ಕೆಂಪು ಡಬ್ಬಿ ಮಾಡುತ್ತಿದ್ದ ಸಕುಮ ಸೇಯ್ಕ ಕಂಪನಿ 2023ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಮೇಯಿ ಮನೆ ಬಿಟ್ಟು ಹೊರಟದ್ದು ಅಮ್ಮನಿಗೆ ಹೊಸ ಬೆಳೆಯ ಮುಸುಕಿನ ಜೋಳ ಕೊಡಲು. ಎದೆಗವಚಿಕೊಂಡ ಆ ತೆನೆಯನ್ನು ಅವಳು ಎಲ್ಲೂ ಬಿಡಲಿಲ್ಲ, ಕಸಿಯಲು ಬಂದ ಆಡಿಗೂ ಕೊಡಲಿಲ್ಲ. ಕೊನೆಗೆ ಅದು ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದೆ. ಸಿಪ್ಪೆಯ ಮೇಲೆ ‘ಅಮ್ಮನಿಗೆ’ ಎಂದು ಗೀಚಿದೆ.