ತಲೆಯಷ್ಟೇ ನೋಯುವುದಿಲ್ಲ: ಮೈಗ್ರೇನ್‌ನ ಅರಿಯದ ಮುಖಗಳು

ಶಿವಮೊಗ್ಗ: ನಗರದ ರವೀಂದ್ರನಗರದ ಗೃಹಿಣಿಯೊಬ್ಬರಿಗೆ ತಲೆನೋವು ಬರುವ ಸೂಚನೆ ಹಿಂದಿನ ದಿನವೇ ದೊರೆಯುತ್ತದೆ. ರಾತ್ರಿ ಚೆನ್ನಾಗಿ ನಿದ್ರಿಸಿದ್ದರೂ ಒಂದೇ ಸಮನೆ ಆಕಳಿಕೆ, ಕತ್ತಿನ ಬಿಗಿತ, ಕಾರಣವಿಲ್ಲದ ಸಿಡುಕು. ಮರುದಿನ ಒಗ್ಗರಣೆಯ ವಾಸನೆ ಸಹಿಸಲಾಗದು. ತಲೆ ಬಾಚಿಕೊಂಡರೆ ನೆತ್ತಿ ಉರಿಯುತ್ತದೆ. ತಿಂಗಳಲ್ಲಿ ಅರ್ಧದಷ್ಟು ದಿನಗಳು ಹೀಗೆಯೇ ಕಳೆಯುತ್ತವೆ. ಮನೆಯವರ ದೃಷ್ಟಿಯಲ್ಲಿ ಮಾತ್ರ ಇದು ಕೆಲಸ ತಪ್ಪಿಸಿಕೊಳ್ಳುವ ನೆಪ.

ಹೆಸರು ಹೇಳಲಿಚ್ಛಿಸದ ಈ ಗೃಹಿಣಿಯಂಥವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಬೆಂಗಳೂರಿನ ನಗರ ಹಾಗೂ ಗ್ರಾಮೀಣ ಪ್ರದೇಶಗಳ 2,329 ವಯಸ್ಕರನ್ನು ಮನೆಮನೆಗೆ ತೆರಳಿ ಸಮೀಕ್ಷೆಗೆ ಒಳಪಡಿಸಿದ್ದರು. ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಾಧಿಸಿರುವುದು ಅದರಿಂದ ತಿಳಿದುಬಂದಿತು. ತಲೆನೋವು ಪೇಟೆಯವರ ಕಾಯಿಲೆ ಎಂಬ ನಂಬಿಕೆಯೂ ಹುಸಿಯಾಯಿತು. ಅದರ ಪ್ರಮಾಣ ಹಳ್ಳಿಗಳಲ್ಲೇ ಹೆಚ್ಚಾಗಿತ್ತು.

ಯಾವುದು ದೀರ್ಘಕಾಲಿಕ?

ಕನ್ನಡದಲ್ಲಿ ಅರೆತಲೆನೋವು, ಆಯುರ್ವೇದದಲ್ಲಿ ಅರ್ಧಾವಭೇದಕ ಎಂದು ಕರೆಯಲ್ಪಡುವ ಈ ವ್ಯಾಧಿ ಯಾವಾಗಲೂ ಅರ್ಧ ತಲೆಗೆ ಸೀಮಿತವಾಗಿರುವುದಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಆ ಪೈಕಿ ಕನಿಷ್ಠ 8 ದಿನ ಮೈಗ್ರೇನ್‌ನ ಲಕ್ಷಣಗಳು ಕಂಡುಬಂದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ.

ಮೈಗ್ರೇನ್ ಮೂಲತಃ ಮಿದುಳಿನ ಅತಿಸಂವೇದನೆಯ ಕಾಯಿಲೆ. ಮುಖ ಹಾಗೂ ತಲೆಯ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಕೆರಳಿದಾಗ ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಡುಗಡೆಯಾಗಿ ನೋವು ಹೆಚ್ಚುತ್ತದೆ. ಬೆಳಕು, ಸದ್ದು, ವಾಸನೆ, ಸ್ಪರ್ಶ ಎಲ್ಲವೂ ಆಗ ಅತಿಯಾಗಿ ತೋರುತ್ತವೆ. ಬಾಚಣಿಗೆ ತಾಗಿದರೂ ನೋಯುವುದು ಇದೇ ಕಾರಣಕ್ಕೆ.

ನಾಲ್ಕು ಹಂತಗಳು

ನೋವಿಗೆ ಕೆಲವು ಗಂಟೆ ಅಥವಾ ಒಂದೆರಡು ದಿನ ಮುಂಚೆ ಆಕಳಿಕೆ, ಪದೇ ಪದೇ ಮೂತ್ರ, ಸಿಹಿ ತಿನ್ನುವ ಆಸೆ, ಮನಸ್ಸಿನ ಏರುಪೇರು ಕಾಣಿಸಿಕೊಳ್ಳಬಹುದು. ಎರಡನೆಯದು ‘ಆರಾ’. ಇದು ಎಲ್ಲರಿಗೂ ಬರುವುದಿಲ್ಲ. ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆಗಳು, ದೃಷ್ಟಿಯಲ್ಲಿ ಕಪ್ಪು ಕಲೆ, ಕೈ ಅಥವಾ ತುಟಿಯಲ್ಲಿ ಜೋಮು, ಪದಗಳ ತಡವರಿಕೆ ಇದರ ಲಕ್ಷಣ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಬಳಿಕ ಬರುವ ನೋವು ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆ ಕಾಡಬಹುದು. ಕೊನೆಯದು ನೋವು ಇಳಿದ ನಂತರದ ಹಂತ. ಮಂಕು, ಆಯಾಸ, ಲೆಕ್ಕದಲ್ಲಿ ತಪ್ಪು, ಹೇಳಬೇಕಾದ ಹೆಸರು ನೆನಪಿಗೆ ಬಾರದಿರುವುದು ಆಗ ಸಾಮಾನ್ಯ. ‘ನೋವು ಹೋಯಿತಲ್ಲ, ಇನ್ನೇನು?’ ಎಂಬ ಪ್ರಶ್ನೆ ಎದುರಾಗುವುದು ಈ ದಿನವೇ.

ಸೈನಸ್ ಎಂಬ ಭ್ರಮೆ

ಕಣ್ಣಲ್ಲಿ ನೀರು, ಮೂಗು ಕಟ್ಟುವುದು, ಕೆನ್ನೆಯಲ್ಲಿ ಭಾರ ಇವೂ ಮೈಗ್ರೇನ್‌ನಲ್ಲಿ ಕಾಣಬಹುದು. ಹೀಗಾಗಿ ಹಲವರು ವರ್ಷಗಟ್ಟಲೆ ಸೈನಸ್‌ಗೆ ಔಷಧ ಸೇವಿಸುತ್ತಾರೆ. ತಮ್ಮದು ಸೈನಸ್ ತಲೆನೋವೆಂದು ನಂಬಿದ್ದ 2,991 ಮಂದಿಯ ಕುರಿತು ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 88ರಷ್ಟು ಮಂದಿಗೆ ಇದ್ದುದು ಮೈಗ್ರೇನ್ ಬಗೆಯ ತಲೆನೋವು. ತಲೆ ಸುತ್ತುವುದನ್ನು ‘ಬಿಪಿ’ ಎಂದೂ, ಕತ್ತುನೋವನ್ನು ಮೂಳೆಯ ಸವೆತವೆಂದೂ ಭಾವಿಸುವುದುಂಟು. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸು ಸಾಗುವಾಗ ವಾಂತಿಯಾಗುವ ಪ್ರವೃತ್ತಿಯೂ ಮೈಗ್ರೇನ್ ಇರುವವರಲ್ಲಿ ಹೆಚ್ಚು.

ನಮ್ಮ ದಿನಚರಿಗೇ ಸೇರಿದ ಪ್ರಚೋದಕಗಳೂ ಇವೆ. ತಲೆಸ್ನಾನದಿಂದ ಮೈಗ್ರೇನ್ ಆರಂಭವಾಗುವ 94 ಭಾರತೀಯ ರೋಗಿಗಳ ಬಗ್ಗೆ ಮುಂಬಯಿಯ ತಜ್ಞ ಡಾ. ಕೆ. ರವಿಶಂಕರ್ 2006ರಲ್ಲಿ ವರದಿ ಮಾಡಿದ್ದರು. ಸಂಕಷ್ಟಿಯ ಉಪವಾಸ, ತಡವಾದ ಊಟ, ನಿದ್ದೆಗೇಡು, ಬಿರುಬಿಸಿಲು, ಮುಟ್ಟಿನ ದಿನಗಳೂ ಈ ಪಟ್ಟಿಯಲ್ಲಿವೆ.

ಮಾತ್ರೆಯೇ ಮುಳುವಾದಾಗ

ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ ಮಿತಿಮೀರಿದರೆ ತಾನೇ ತಲೆನೋವು ತರುತ್ತದೆ. ಸಾಮಾನ್ಯ ನೋವುನಿವಾರಕವಾದರೆ ತಿಂಗಳಿಗೆ 15 ದಿನ, ಹಲವು ಔಷಧಗಳ ಮಿಶ್ರಣ ಅಥವಾ ಟ್ರಿಪ್ಟಾನ್ ಆದರೆ 10 ದಿನ. ಇಷ್ಟು ಬಳಕೆ ಮೂರು ತಿಂಗಳು ಮೀರಿ ಮುಂದುವರಿದರೆ ಅಪಾಯ. ಅಪರೂಪದ ನೋವು ನಿತ್ಯದ ನೋವಾಗಲು ಇದೂ ಪ್ರಮುಖ ಕಾರಣ.

ನೋವು ಪದೇ ಪದೇ ಬರುವವರಿಗೆ ಬೇರೆಯದೇ ದಾರಿಯಿದೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಾಮೇಟ್ ಮುಂತಾದ ತಡೆ ಔಷಧಗಳನ್ನು ವೈದ್ಯರು ದಿನನಿತ್ಯ ಸೇವಿಸಲು ಸೂಚಿಸುತ್ತಾರೆ. ಪರಿಣಾಮ ತಿಳಿಯಲು ಸುಮಾರು ಎರಡು ತಿಂಗಳು ಬೇಕು. ವಾರಕ್ಕೇ ನಿಲ್ಲಿಸುವುದು ತರವಲ್ಲ. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್, ಗರ್ಭಿಣಿಯರಿಗೆ ಟೋಪಿರಾಮೇಟ್ ಸಲ್ಲದು. ಆರಾ ಇರುವ ಮಹಿಳೆಯರು ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಸೇವಿಸಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು. ಸಿಜಿಆರ್‌ಪಿಯನ್ನೇ ತಡೆಯುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆತಿದ್ದು, ಚಿಕಿತ್ಸೆಯಲ್ಲಿ ಹೊಸ ಹಾದಿ ತೆರೆದಿದೆ.

ಏನು ಮಾಡಬೇಕು?

ಗೋಡೆಯ ಕ್ಯಾಲೆಂಡರೇ ಉತ್ತಮ ಸಾಧನ. ನೋವಿದ್ದ ದಿನ, ನುಂಗಿದ ಮಾತ್ರೆ, ಮುಟ್ಟಿನ ದಿನ, ನಿದ್ದೆ, ಊಟದ ಸಮಯವನ್ನು ಮೂರು ತಿಂಗಳು ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸಿದರೆ ರೋಗನಿರ್ಣಯ ಸುಲಭ. ಸಿಡಿಲೆರಗಿದಂತೆ ಹಠಾತ್ತನೆ ಬಂದ ತೀವ್ರ ನೋವು, ಜ್ವರದೊಂದಿಗೆ ಕತ್ತಿನ ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. 50 ವರ್ಷದ ನಂತರ ಹೊಸದಾಗಿ ಆರಂಭವಾದ ತಲೆನೋವನ್ನೂ ಕಡೆಗಣಿಸದೆ ವೈದ್ಯರಿಗೆ ತೋರಿಸಬೇಕು.

ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಪಾರ್ಶ್ವವಾಯು, ಅಪಸ್ಮಾರ, ಮರೆಗುಳಿತನದ ಜತೆಗೆ ತಲೆನೋವನ್ನೂ ಸೇರಿಸಿಕೊಂಡಿದೆ. ತಲೆನೋವು ಚಿಕಿತ್ಸೆಗೆ ಅರ್ಹವಾದ ಕಾಯಿಲೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಮನೆಯವರೂ ಒಪ್ಪಬೇಕಿದೆ. ಕತ್ತಲು ಕೋಣೆಯಲ್ಲಿ ಮಲಗಿದವರಿಗೆ ಮೊದಲು ಬೇಕಾದುದು ತಮ್ಮ ನೋವು ನೆಪವಲ್ಲ ಎಂಬ ನಂಬಿಕೆ. ಅದು ದೊರೆತರೆ ವೈದ್ಯರ ಬಳಿಗೆ ಹೋಗುವ ಧೈರ್ಯವೂ ಬರುತ್ತದೆ.