ವಿಳಾಸ ಬೇಕೋ, ಪಠ್ಯವೇ ಬೇಕೋ?

ಫಂಕ್ಷನ್ ಒಳಗೆ ಒಂದು ಸ್ಟ್ರಿಂಗ್ ಕಟ್ಟಿ, ಅದರ ರೆಫರೆನ್ಸನ್ನು ಹೊರಗೆ ಕೊಡಲು ಹೋಗಿ. ಸಿ ಭಾಷೆಯ ಕಂಪೈಲರ್ ಸಾಮಾನ್ಯವಾಗಿ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ರಸ್ಟ್ ಕಂಪೈಲರ್ ಪ್ರೋಗ್ರಾಮನ್ನೇ ಕಟ್ಟಿಕೊಡುವುದಿಲ್ಲ.

ಇದು ಹಟವಲ್ಲ. ಸ್ಟ್ರಿಂಗ್ ರೆಫರೆನ್ಸ್‌ನಲ್ಲಿ ಇರುವುದು ಎರಡೇ ಸಂಗತಿ: ಪಠ್ಯ ಮೆಮೊರಿಯಲ್ಲಿ ಎಲ್ಲಿದೆ, ಎಷ್ಟು ಉದ್ದವಿದೆ. ಪಠ್ಯ ಒಂದು ಪದವಿರಲಿ, ಇಡೀ ಕಾದಂಬರಿಯಿರಲಿ, 64 ಬಿಟ್ ಯಂತ್ರದಲ್ಲಿ ಇದಕ್ಕೆ 16 ಬೈಟ್ ಸಾಕು. ಆದರೆ ಪಠ್ಯದ ಒಡೆತನ ಫಂಕ್ಷನ್ ಒಳಗೇ ಉಳಿದಿದ್ದರೆ, ಫಂಕ್ಷನ್ ಮುಗಿಯುತ್ತಲೇ ಆ ಜಾಗ ತೆರವಾಗುತ್ತದೆ. ಜಾತ್ರೆ ಮುಗಿದ ಮೇಲೆ ಬಳೆ ಅಂಗಡಿಯ ಗುರುತು ಹೇಳಿ ಕಳಿಸಿದ ಹಾಗೆ. ಹೋದವರಿಗೆ ಬಯಲು ಸಿಗಬಹುದು, ಇಲ್ಲವೇ ಅಲ್ಲಿ ಬೇರೆ ಯಾರೋ ಕೂತಿರಬಹುದು. ಎರಡನೆಯದೇ ಹೆಚ್ಚು ಅಪಾಯ. ಅಲ್ಲಿ ಯಾರದೋ ಪಾಸ್‌ವರ್ಡ್ ಬಂದು ಕೂತಿದ್ದರೆ ಓದಲು ಸಿಗುವುದು ಅದೇ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಮೆಮೊರಿಯ ಎಡವಟ್ಟುಗಳೇ ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು. ಸತ್ತ ವಿಳಾಸ ಅವುಗಳಲ್ಲಿ ಒಂದು ಬಗೆ.

ಹೊಸದಾಗಿ ಕಟ್ಟಿದ ಪಠ್ಯವಾದರೆ ಸ್ಟ್ರಿಂಗನ್ನೇ ಕೊಟ್ಟುಬಿಡುವುದು ನೇರ ದಾರಿ. ದೊಡ್ಡ ಪಠ್ಯವನ್ನು ಹೀಗೆ ದಾಟಿಸುವುದು ದುಬಾರಿ ಎಂದು ಹಲವರು ಹೆದರುತ್ತಾರೆ. ಆ ಹೆದರಿಕೆಗೆ ಬುಡವಿಲ್ಲ. ಹೀಪ್‌ನಲ್ಲಿರುವ ಅಕ್ಷರಗಳು ಕದಲುವುದೇ ಇಲ್ಲ; ವಿಳಾಸ, ಉದ್ದ, ಧಾರಣ ಸಾಮರ್ಥ್ಯ ಸೇರಿದ 24 ಬೈಟ್ ಮಾತ್ರ ಕೈ ಬದಲಾಗುತ್ತದೆ, ಜೊತೆಗೆ ಒಡೆತನವೂ.

ರೆಫರೆನ್ಸ್ ಒಪ್ಪುವುದು ಹೊರಗಿಂದ ಬಂದ ಪಠ್ಯಕ್ಕೆ. ವಾಕ್ಯವೊಂದನ್ನು ಪಡೆದು ಅದರ ಮೊದಲ ಪದ ತೋರಿಸಲು ನಕಲು ಯಾಕೆ ಬೇಕು? ಒಂದೇ ರೆಫರೆನ್ಸ್ ಒಳಬಂದಿದ್ದರೆ, ಹೊರಹೋಗುವುದು ಅದಕ್ಕೇ ಸೇರಿದ್ದೆಂದು ಕಂಪೈಲರ್ ತಾನೇ ಹಿಡಿಯುತ್ತದೆ. ಎರಡು ಬಂದು, ಉದ್ದನೆಯದನ್ನು ಆರಿಸಿ ಕೊಡಬೇಕಾದಾಗ ನಾವು ಲೈಫ್‌ಟೈಮ್ ಗುರುತು ಬರೆಯಬೇಕು. ಅದರಿಂದ ಯಾವ ಪಠ್ಯದ ಆಯುಸ್ಸೂ ಹೆಚ್ಚದು. ಯಾವುದರ ನಂಟು ಯಾವುದಕ್ಕೆ ಎಂಬುದು ತಿಳಿಯುತ್ತದೆ, ಅಷ್ಟೆ.

ಕನ್ನಡ ಪಠ್ಯಕ್ಕೆ ಇನ್ನೊಂದು ತೊಡಕಿದೆ. ರಸ್ಟ್ ಸ್ಟ್ರಿಂಗನ್ನು ಕತ್ತರಿಸುವುದು ಬೈಟ್ ಲೆಕ್ಕದಲ್ಲಿ, ಮತ್ತು ನಮ್ಮ ಲಿಪಿಯ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಒಂದು ಸಂಕೇತವೇ ಆದ್ದರಿಂದ ‘ಕನ್ನಡ’ ಎಂದರೆ 15 ಬೈಟ್. ಮೊದಲ 4 ಬೈಟ್‌ಗಳ ರೆಫರೆನ್ಸ್ ಕೇಳಿದರೆ ಪ್ರೋಗ್ರಾಮ್ ಓಡುತ್ತಿರುವಾಗಲೇ ಪ್ಯಾನಿಕ್ ಆಗಿ ನಿಲ್ಲುತ್ತದೆ. 6 ಕೇಳಿದರೆ ಯಾವ ತಕರಾರೂ ಇಲ್ಲದೆ ಸಿಗುವುದು ‘ಕನ’.